ತಟ್ಟಿ ನೋಡುವ ವಿದ್ಯೆ

ಹಲಸು ಹಣ್ಣಾಗಿದೆಯೇ ಎಂದು ತಿಳಿಯಲು ನಮ್ಮ ಉಡುಪಿ, ಕಾರ್ಕಳದ ಕಡೆಯ ಹೆಂಗಸರು ಅದನ್ನು ಕೊಯ್ದು ನೋಡುವುದಿಲ್ಲ. ತಟ್ಟಿ ಸದ್ದು ಕೇಳುತ್ತಾರೆ. ಈ ವಿದ್ಯೆ ಬ್ರಹ್ಮಾಂಡಕ್ಕೂ ಸಲ್ಲುತ್ತದೆಂದು ತೋರಿಸಿದವರು ಒಬ್ಬ ಕನ್ನಡಿಗರು.

ಸಮಾಜ ಪಾಠ ಹೇಳುವ ನನಗೆ ಭೌತಶಾಸ್ತ್ರ ದೂರದ ನೆಂಟ. ಆದರೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಟೀಚರ್, ವರ್ಮ್‌ಹೋಲ್ ನಿಜವಾಗಿ ಇದೆಯೇ?” ಎಂದು ಕೇಳಿದ ಮೇಲೆ ಅದರ ಚರಿತ್ರೆಯನ್ನು ಹುಡುಕಿ ಓದಿದೆ.

1935ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್, ವಿಶ್ವದ ಎರಡು ಹಾಳೆಗಳನ್ನು ಜೋಡಿಸುವ ಸೇತುವೆಯೊಂದನ್ನು ಲೆಕ್ಕದಲ್ಲಿ ಕಂಡರು. ಹಣ್ಣಿನ ಸಿಪ್ಪೆಯನ್ನು ಸುತ್ತಿ ಬಳಸುವ ಬದಲು ಹುಳ ನಡುವೆ ಕೊರೆದು ಹೋಗುವಂಥ ಒಳದಾರಿ ಅದು. 1957ರಲ್ಲಿ ಮಿಸ್ನರ್ ಮತ್ತು ವೀಲರ್ ಅದನ್ನು ವರ್ಮ್‌ಹೋಲ್ ಎಂದು ಕರೆದರು. ಆದರೆ ಬೆಳಕು ದಾಟುವ ಮೊದಲೇ ಆ ಸೇತುವೆ ಕಡಿದುಹೋಗುತ್ತದೆಂದು 1962ರಲ್ಲಿ ಫುಲ್ಲರ್ ಮತ್ತು ವೀಲರ್ ತೋರಿಸಿದರು.

ಅದೇ ಮಿಸ್ನರ್ ಅವರಿಗೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶಿಷ್ಯರಾಗಿದ್ದವರು, 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ. ಕಾಪುವಿನ ದೀಪಸ್ತಂಭ 1901ರಿಂದಲೂ ಬೆಳಕು ಬೀರಿ ತನ್ನ ಇರವನ್ನು ಸಾರುತ್ತಿದೆ. ಕಪ್ಪುಕುಳಿಯಿಂದ ಬೆಳಕೂ ಹೊರಬಾರದು. ಹಾಗಾದರೆ ಅದನ್ನು ಅರಿಯುವ ಬಗೆ ಹೇಗೆ? ಗುರುತ್ವದ ಅಲೆಗಳಿಂದ ಅದನ್ನು ತಟ್ಟಿದರೆ ಏನಾದೀತೆಂದು ವಿಶ್ವೇಶ್ವರ ಲೆಕ್ಕ ಹಾಕಿದರು. 1970ರಲ್ಲಿ ಉತ್ತರ ಪ್ರಕಟವಾಯಿತು: ಬಡಿದ ಘಂಟೆಯಂತೆ ಅದು ತನ್ನದೇ ಶ್ರುತಿಯಲ್ಲಿ ಮಿಡಿದು, ಬೇಗನೆ ಅಡಗುತ್ತದೆ. ಆ ಶ್ರುತಿಯಿಂದ ಕುಳಿಯ ತೂಕವನ್ನೂ ತಿಳಿಯಬಹುದು.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಕೂಡಿ ಒಂದಾದ ಕಂಪನವನ್ನು ಹಿಡಿದವು. ಕೊನೆಯಲ್ಲಿ ಕೇಳಿದ್ದು ಅಂಥದೇ ಮಿಡಿತ. 45 ವರ್ಷಗಳ ಕಾಯುವಿಕೆ! 2016ರಲ್ಲಿ ಆ ಸುದ್ದಿ ಹೊರಬಿತ್ತು. 2017ರ ಜನವರಿಯಲ್ಲಿ ವಿಶ್ವೇಶ್ವರ ತೀರಿಕೊಂಡರು.

ವರ್ಮ್‌ಹೋಲ್ ಆಗಿದ್ದರೂ ಮೊದಲ ಮಿಡಿತ ಹೀಗೇ ಇರಬಹುದು, ಆಮೇಲೆ ಪ್ರತಿಧ್ವನಿ ಬಂದೀತು ಎಂದು ಕೆಲವು ವಿಜ್ಞಾನಿಗಳು 2016ರಲ್ಲಿ ಲೆಕ್ಕ ತೋರಿಸಿದರು. ಅಂಥ ಪ್ರತಿಧ್ವನಿ ಇನ್ನೂ ಖಚಿತವಾಗಿ ಸಿಕ್ಕಿಲ್ಲ. ಇಡೀ ವಿಶ್ವವನ್ನೇ ಒಂದು ಕ್ವಾಂಟಂ ಸ್ಥಿತಿಯೆಂದು ಬರೆಯುವ ಸಮೀಕರಣವನ್ನು 1967ರಲ್ಲಿ ಡಿವಿಟ್ ಪ್ರಕಟಿಸಿದರು. ಅದರಲ್ಲಿ ಕಾಲವೇ ಕಾಣುವುದಿಲ್ಲ! ಅದನ್ನು ತಟ್ಟಿ ನೋಡುವ ಉಪಾಯವಂತೂ ಇನ್ನೂ ಯಾರ ಕೈಗೂ ಬಂದಿಲ್ಲ.

ಮಣಿಪಾಲದಲ್ಲಿ ಸೀಟು ಸಿಕ್ಕಿತೇ ಎಂದು ಹೆಣ್ಣುಮಕ್ಕಳನ್ನು ವಿಚಾರಿಸುವ ನಾವು, ಅವರು ಕೇಳುವ ಇಂಥ ಪ್ರಶ್ನೆಗಳನ್ನು ಮಾತ್ರ “ಅದೆಲ್ಲ ಸಿನೆಮಾ ಕತೆ” ಎಂದು ತಳ್ಳಿಬಿಡುತ್ತೇವೆ. ವಿಶ್ವೇಶ್ವರರ ಪ್ರಶ್ನೆಗೂ ತಕ್ಷಣ ಯಾವ ಉಪಯೋಗವೂ ಇರಲಿಲ್ಲವಲ್ಲ!