ಶಾಲೆಗೂ ವಿಶ್ವವಿದ್ಯಾಲಯಕ್ಕೂ ನಡುವಣ ಮೆಟ್ಟಿಲು

ಪುಣೆಯ ಎಂಜಿನಿಯರಿಂಗ್ ಕಾಲೇಜಿಗೆ ಸೇರುವ ಮುನ್ನವೇ ವಿಶ್ವೇಶ್ವರಯ್ಯನವರು ಬಿ.ಎ. ಪದವೀಧರರಾಗಿದ್ದರು ಎಂದರೆ ಇಂದಿನ ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿಕೊಡುತ್ತಲೇ ಓದಿ 1881ರಲ್ಲಿ ಅವರು ಪದವಿ ಪಡೆದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆ ಮುಗಿಸಿದರು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. ಮೊದಲು ಸಾಮಾನ್ಯ ವಿದ್ಯೆ, ಬಳಿಕ ವೃತ್ತಿವಿದ್ಯೆ ಎಂಬುದು ಅವರು ಹಿಡಿದ ದಾರಿ. ಇಂದು ಈ ಎರಡರ ನಡುವೆ ಉಳಿದಿರುವುದು ಪಿಯುಸಿಯ ಎರಡೇ ವರ್ಷ. ಈ ಎರಡು ವರ್ಷ ಯಾವುದಕ್ಕೆ ಸಿದ್ಧತೆ ಎಂಬ ಪ್ರಶ್ನೆಗೆ ಒಂದೂವರೆ ಶತಮಾನದ ಇತಿಹಾಸವಿದೆ.

1854ರ ವುಡ್ ಅವರ ಶಿಕ್ಷಣ ನಿರೂಪದ ಫಲವಾಗಿ 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಇವು ಲಂಡನ್ ವಿಶ್ವವಿದ್ಯಾಲಯದ ಮಾದರಿಯವು. ಪಾಠ ಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಮೈಸೂರು ಸೀಮೆಯ ಕಾಲೇಜುಗಳು ಮದರಾಸಿಗೂ ಧಾರವಾಡದ ಕಡೆಯವು ಮುಂಬಯಿಗೂ ಸೇರಿದ್ದವು. ಮೆಟ್ರಿಕ್ಯುಲೇಷನ್ ದಾಟಿದವನು ಎರಡು ವರ್ಷ ಓದಿ ಎಫ್.ಎ. ಪರೀಕ್ಷೆಗೆ ಕೂರಬೇಕು, ಮತ್ತೆರಡು ವರ್ಷ ಓದಿದರೆ ಬಿ.ಎ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಎಫ್.ಎ.ಯ ಜಾಗಕ್ಕೆ ಬಂದದ್ದೇ ಇಂಟರ್‌ಮೀಡಿಯಟ್.

ಹೆಸರಿಗೆ ಇವೆಲ್ಲ ವಿಶ್ವವಿದ್ಯಾಲಯದ ಮೆಟ್ಟಿಲುಗಳೇ. ಆದರೆ ಪ್ರತಿ ಮೆಟ್ಟಿಲಿನ ಪಕ್ಕದಲ್ಲೂ ಸರ್ಕಾರಿ ನೌಕರಿಯ ಒಂದು ಬಾಗಿಲಿತ್ತು. ಮೆಟ್ರಿಕ್ ಮುಗಿಸಿದವನಿಗೆ ಗುಮಾಸ್ತೆಗಿರಿ ಇಲ್ಲವೆ ಮೇಷ್ಟರ ಕೆಲಸ ಸಿಕ್ಕರೆ ಮನೆಯವರಿಗೆ ಅಷ್ಟೇ ಸಾಕಾಗುತ್ತಿತ್ತು. ವಾರಾನ್ನದ ಮನೆಗಳಲ್ಲಿ ಉಂಡು ಓದುತ್ತಿದ್ದ ಬಡ ಹುಡುಗನಿಗೆ ಮುಂದಿನ ಎರಡು ವರ್ಷ ಎಂದರೆ ಮತ್ತೆರಡು ವರ್ಷ ಸಂಬಳವಿಲ್ಲ ಎಂದೇ ಅರ್ಥ. ಓದು ಜ್ಞಾನಕ್ಕೋ ಜೀವನೋಪಾಯಕ್ಕೋ ಎಂಬ ತಾಕಲಾಟ ಹೊಸದೇನಲ್ಲ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು. ಆಗ ದಿವಾನರಾಗಿದ್ದವರು ಅದೇ ವಿಶ್ವೇಶ್ವರಯ್ಯನವರು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳೇ ಅದರ ಎರಡು ಕಂಬಗಳು. ಹೊಸ ವಿಶ್ವವಿದ್ಯಾಲಯ ಹಳೆಯ ಪದ್ಧತಿಯನ್ನು ಬದಲಿಸಿತು. ವಿಶ್ವವಿದ್ಯಾಲಯ ಪ್ರವೇಶಕ್ಕೆ ಒಂದು ವರ್ಷದ ಸಿದ್ಧತೆ, ಬಳಿಕ ಮೂರು ವರ್ಷದ ಪದವಿ ಎಂದು ಗೊತ್ತುಮಾಡಿತು. ಆದರೆ ಇಂಟರ್‌ಮೀಡಿಯಟ್ ಬಹುಕಾಲ ದೂರ ಉಳಿಯಲಿಲ್ಲ. ಮೈಸೂರಿನ ಯುವರಾಜ ಕಾಲೇಜು 1928ರಲ್ಲಿ ಆರಂಭವಾದದ್ದೇ ಇಂಟರ್‌ಮೀಡಿಯಟ್ ಕಾಲೇಜಾಗಿ.

ಅಷ್ಟರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಕುರಿತ ಸ್ಯಾಡ್ಲರ್ ಆಯೋಗ (1917–19) ಒಂದು ಮುಖ್ಯ ಮಾತು ಹೇಳಿತ್ತು. ಇಂಟರ್‌ಮೀಡಿಯಟ್ ವಿದ್ಯಾರ್ಥಿಗೆ ಬೇಕಾದದ್ದು ಹತ್ತಿರದಿಂದ ಗಮನಿಸಿ ಕಲಿಸುವ ಪಾಠ, ದೊಡ್ಡ ಸಭಾಂಗಣದ ಉಪನ್ಯಾಸವಲ್ಲ. ಆದ್ದರಿಂದ ಈ ಹಂತವನ್ನು ವಿಶ್ವವಿದ್ಯಾಲಯದಿಂದ ಬಿಡಿಸಿ ಬೇರೆ ಮಂಡಳಿಗೆ ಒಪ್ಪಿಸಬೇಕು ಎಂಬುದು ಅದರ ವಾದ. ಒಮ್ಮೆ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದ್ದ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗವೂ (1948–49) ಹನ್ನೆರಡು ವರ್ಷದ ಓದಿನ ನಂತರವೇ ವಿಶ್ವವಿದ್ಯಾಲಯ ಪ್ರವೇಶ ಎಂದಿತು. ಮುದಲಿಯಾರ್ ಆಯೋಗ (1952–53) ಮಾತ್ರ ಇಂಟರ್‌ಮೀಡಿಯಟ್ಟನ್ನೇ ತೆಗೆದು ಅದರ ಒಂದು ವರ್ಷವನ್ನು ಶಾಲೆಗೆ, ಇನ್ನೊಂದನ್ನು ಪದವಿಗೆ ಹಂಚಿತು. ಹೀಗೆ ಬಂದದ್ದು ಒಂದು ವರ್ಷದ ಪಿಯುಸಿ. ಕೊಠಾರಿ ಆಯೋಗದ (1964–66) ನಂತರ 10+2+3 ಎಂಬ ಸೂತ್ರ ದೇಶಕ್ಕೆಲ್ಲ ಹಬ್ಬಿತು. 1970ರ ದಶಕದ ಆರಂಭದಲ್ಲಿ ನಮ್ಮ ಪಿಯುಸಿಯೂ ಎರಡು ವರ್ಷದ್ದಾಯಿತು. ಮೂರು ತಲೆಮಾರು ಕಳೆದು ಎರಡು ವರ್ಷ ಮತ್ತೆ ಎರಡು ವರ್ಷವೇ ಆಗಿತ್ತು.

ಕೊಠಾರಿ ಆಯೋಗದ ಎಣಿಕೆಯಲ್ಲಿ ಈ ಎರಡು ವರ್ಷದ ಬಹುದೊಡ್ಡ ಪಾಲು ವೃತ್ತಿಶಿಕ್ಷಣಕ್ಕೆ ಸಲ್ಲಬೇಕಿತ್ತು. ಕರ್ನಾಟಕದಲ್ಲೂ 'ಜೆಒಸಿ' ಎಂದು ಕರೆಸಿಕೊಂಡ ಉದ್ಯೋಗಾಧಾರಿತ ಕೋರ್ಸುಗಳು ನಡೆದವು. ಆದರೆ ಅವು ಎಂದೂ ಮುಖ್ಯ ದಾರಿಯಾಗದೆ ಕೊನೆಗೆ ನಿಂತುಹೋದವು. ವೃತ್ತಿ ಬೇರೊಂದು ಬಾಗಿಲಿನಿಂದ ಒಳಬಂತು. ಖಾಸಗಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚಿದಂತೆ ಕ್ಯಾಪಿಟೇಷನ್ ಶುಲ್ಕದ ಪಿಡುಗು ಬೆಳೆಯಿತು. ಅದನ್ನು ನಿಷೇಧಿಸಿ 1984ರಲ್ಲಿ ರಾಜ್ಯ ಕಾಯಿದೆ ಮಾಡಿತು. ಕರ್ನಾಟಕದ ಸೀಟೊಂದಕ್ಕೆ ಸಂಬಂಧಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲೂ ಉನ್ನಿಕೃಷ್ಣನ್ ಪ್ರಕರಣದಲ್ಲಿ 1993ರಲ್ಲೂ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 1994ರಲ್ಲಿ ಸಿಇಟಿ ಘಟಕ ಸ್ಥಾಪನೆಯಾಯಿತು. ಹಣವಿಲ್ಲದ, ವಶೀಲಿಯಿಲ್ಲದ ಹಳ್ಳಿಯ ವಿದ್ಯಾರ್ಥಿಗೂ ರ‍್ಯಾಂಕಿನ ಬಲದಿಂದ ಸೀಟು ಸಿಗತೊಡಗಿತು. ಇದು ಸಣ್ಣ ನ್ಯಾಯವೇನಲ್ಲ.

ಆದರೆ ಅದಕ್ಕೆ ಬೆಲೆಯೂ ಇತ್ತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳೇ ಲೆಕ್ಕ. ಕನ್ನಡ, ಇಂಗ್ಲಿಷ್ ಅಂಕಗಳಲ್ಲ. ಲೆಕ್ಕಕ್ಕೆ ಬಾರದ ವಿಷಯವನ್ನು ವಿದ್ಯಾರ್ಥಿ ಪಾಸಾಗುವಷ್ಟು ಓದುತ್ತಾನೆ. 2017ರಿಂದ ವೈದ್ಯಕೀಯ ಸೀಟುಗಳು ನೀಟ್ ಪರೀಕ್ಷೆಯ ಮೂಲಕವೇ ಹಂಚಿಕೆಯಾಗುತ್ತಿರುವುದರಿಂದ ಕಾಲೇಜಿನ ಪಾಠಕ್ಕಿಂತ ಕೋಚಿಂಗ್‌ಗೆ ಹೆಚ್ಚಿನ ಬೆಲೆ ಬಂದಿದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ವಿಜ್ಞಾನಕ್ಕೆ ಬಂದವರಿಗೆ ಈ ಎರಡು ವರ್ಷಗಳಲ್ಲಿ ಹೊಸ ಭಾಷೆ, ಹೊಸ ವಿಷಯ, ಪ್ರವೇಶ ಪರೀಕ್ಷೆ ಮೂರೂ ಒಟ್ಟಿಗೆ ಎದುರಾಗುತ್ತವೆ. ಹತ್ತಿರ ಕೂರಿಸಿ ಕಲಿಸಬೇಕೆಂದು ಸ್ಯಾಡ್ಲರ್ ಆಯೋಗ ಹೇಳಿದ್ದು ಇಂಥವರಿಗಾಗಿಯೇ ಇರಬೇಕು.

ಪದವಿಯ ಅವಧಿಯ ಬಗ್ಗೆಯಂತೂ ಚರ್ಚೆ ನಿಂತಿಲ್ಲ. 2021ರಲ್ಲಿ ರಾಜ್ಯ ನಾಲ್ಕು ವರ್ಷದ ಪದವಿಗೆ ಹೋಯಿತು, 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ವರ್ಷಗಳನ್ನು ಕೂಡಿ ಕಳೆಯುವುದರಲ್ಲಿ ನಾವು ನಿಪುಣರು. ಆ ವರ್ಷಗಳಲ್ಲಿ ಏನಾಗಬೇಕು ಎಂಬುದನ್ನು ಅಷ್ಟಾಗಿ ಕೇಳಿಕೊಂಡಿಲ್ಲ. ಒಂದು ಪುಸ್ತಕವನ್ನು ತಾನಾಗಿ ಓದಿ ಅರ್ಥ ಮಾಡಿಕೊಳ್ಳುವುದು, ಓದಿದ್ದನ್ನು ನಾಲ್ಕು ಪುಟ ಸ್ಪಷ್ಟವಾಗಿ ಬರೆಯುವುದು, ತಿಳಿಯದ್ದನ್ನು ಕೇಳುವುದು: ವಿಶ್ವವಿದ್ಯಾಲಯಕ್ಕೂ ಬೇಕಾದ, ಯಾವ ನೌಕರಿಗೂ ಒದಗುವ ಸಿದ್ಧತೆ ಇದೇ.

ಬೇರೆ ಪಠ್ಯಕ್ರಮದ ಮಕ್ಕಳು ಹದಿನಾರಕ್ಕೆ ಹನ್ನೊಂದನೆಯ ತರಗತಿಗೆ ಹೋಗುತ್ತಾರೆ. ನಮ್ಮ ಮಕ್ಕಳು ಅದೇ ವಯಸ್ಸಿಗೆ 'ಕಾಲೇಜು ಸೇರಿದೆ' ಎನ್ನುತ್ತಾರೆ. ಹಳೆಯ ಇಂಟರ್‌ಮೀಡಿಯಟ್ ಕಾಲೇಜು ಬಿಟ್ಟುಹೋದ ಮಾತು ಅದು. ಆ ಮಾತಿಗೆ ತಕ್ಕ ಕಾಲೇಜನ್ನು ಅವರಿಗೆ ಕೊಡುವುದು ಇನ್ನೂ ಬಾಕಿ ಇದೆ.