ಕಾಳಿಯಿಂದ ಕೊಯ್ನೆಗೆ: ಒಂದು ಹುಲಿದಾರಿಯ ಚರಿತ್ರೆ

ಪುಣೆಯ ಕನ್ನಡಿಗರಿಗೆ ಹುಲಿಯ ಕಾಡು ಎಂದೊಡನೆ ಬಂಡೀಪುರ, ನಾಗರಹೊಳೆಗಳು ನೆನಪಾಗುವುದು ಸಹಜ. ಆದರೆ ಈ ಊರಿಗೆ ಹತ್ತಿರದ ಹುಲಿ ಮೀಸಲು ಪ್ರದೇಶವಿರುವುದು ಸಾತಾರಾ, ಸಾಂಗಲಿ, ಕೊಲ್ಹಾಪುರಗಳ ಘಟ್ಟಸಾಲಿನಲ್ಲಿ. ಕೊಯ್ನಾ ಅಭಯಾರಣ್ಯವನ್ನೂ ಚಾಂದೋಲಿ ರಾಷ್ಟ್ರೀಯ ಉದ್ಯಾನವನ್ನೂ ಕೂಡಿಸಿ 2010ರಲ್ಲಿ ರಚಿಸಿದ ಸಹ್ಯಾದ್ರಿ ಹುಲಿ ಮೀಸಲು ಅದು; ವಿಸ್ತಾರ 1,165 ಚದರ ಕಿಲೋಮೀಟರ್. ಕಾಡೇನೋ ಇತ್ತು, ಹುಲಿ ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. 2018ರ ಮೇ ತಿಂಗಳಲ್ಲಿ ಗಂಡುಹುಲಿಯೊಂದು ಅಲ್ಲಿನ ಕ್ಯಾಮೆರಾಕ್ಕೆ ಸಿಕ್ಕಿತು. ಎರಡು ವರ್ಷಗಳ ಬಳಿಕ ಅದೇ ಹುಲಿ ಇನ್ನೂರು ಕಿಲೋಮೀಟರಿಗೂ ದೂರದ ಉತ್ತರ ಕನ್ನಡದ ಕಾಳಿ ಕಾಡಿನಲ್ಲಿ ಕಾಣಿಸಿಕೊಂಡಿತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲವಾದ್ದರಿಂದ ಗುರುತಿನಲ್ಲಿ ಸಂಶಯವಿರಲಿಲ್ಲ.

ಸಹ್ಯಾದ್ರಿಯ ಹುಲಿಯ ಕಥೆಯನ್ನು ಹೇಳಹೊರಟವನು ಕಾಳಿನದಿಯ ಕಣಿವೆಗೇ ಹೋಗಬೇಕಾಗುತ್ತದೆ.

ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದಾಚೆ ಸುಮಾರು ಒಂದು ಶತಮಾನ ಅದರ ತೇಗಕ್ಕೂ ಹುಲಿಗೂ ದೊರೆತನ ಮುಂಬಯಿಯದೇ. ದಾಂಡೇಲಿ ಅಭಯಾರಣ್ಯದ ಘೋಷಣೆಯಾದದ್ದು 1956ರ ಮೇ 10ರಂದು. ಏಕೀಕರಣಕ್ಕೆ ಇನ್ನೂ ಆರು ತಿಂಗಳಿಗೆ ಹತ್ತಿರ ಹತ್ತಿರ ಕಾಲಾವಕಾಶವಿತ್ತು. ಇಂದು ನಾವು ಹೆಮ್ಮೆಯಿಂದ ಕರ್ನಾಟಕದ್ದೆನ್ನುವ ಆ ರಕ್ಷಿತಾರಣ್ಯ ಹುಟ್ಟಿದ್ದು ಮುಂಬಯಿ ರಾಜ್ಯದ ಆಡಳಿತದಲ್ಲಿ. ಗಡಿಯ ಜಗಳದಲ್ಲಿ ಎರಡು ಕಡೆಯವರಿಗೂ ಈ ಸಂಗತಿಯ ನೆನಪಿರುವಂತೆ ಕಾಣುವುದಿಲ್ಲ.

ಅದಕ್ಕೆ ಒಂದು ವರ್ಷ ಮುಂಚೆ, 1955ರಲ್ಲಿ, ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಗಿತ್ತು. ದಾಂಡೇಲಿಯಲ್ಲಿ ಅದು ಕಟ್ಟಿದ ಕಾರ್ಖಾನೆಗೆ ಬೇಕಾದದ್ದು ಬಿದಿರು. ಟನ್ನಿಗೆ ಒಂದೂವರೆ ರೂಪಾಯಿಯಂತೆ ಸರ್ಕಾರವೇ ಅದನ್ನು ಒದಗಿಸಿತು. ಬುಟ್ಟಿ ಹೆಣೆದು ಬದುಕುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ನೂರಾರು ಪಟ್ಟು ಬೆಲೆ ತೆರಬೇಕಾಗಿತ್ತು. ಬಿದಿರು ತೀರುತ್ತ ಬಂದಂತೆ ಅವರ ಅಳಲು ಸರ್ಕಾರಕ್ಕೂ ಮುಟ್ಟಿತು. 1970ರ ದಶಕದ ನಡುವೆ ಇದರ ಅಧ್ಯಯನಕ್ಕೆ ನಿಯುಕ್ತರಾದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್: ಪುಣೆಯಲ್ಲಿ ಹುಟ್ಟಿದವರು, ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡ್ಗೀಳರ ಮಗ.

ಬಿದಿರು ನಾಶವಾಗುತ್ತಿರುವುದು ಹಳ್ಳಿಗರ ದನ ಮೇಯುವುದರಿಂದ ಎಂಬುದು ಅಧಿಕಾರಿಗಳ ವಾದವಾಗಿತ್ತು. ಕಾಡಿನಲ್ಲಿ ಕಂಡದ್ದು ಬೇರೆ. ಬಿದಿರುಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆಯೊಂದಿರುತ್ತದೆ. ಮೆಳೆ ಸೊಂಪಾಗಿ ಬೆಳೆಯಲೆಂದು ಅದನ್ನು ಸವರಿ ಹಾಕುವುದು ಅಲ್ಲಿ ಶಾಸ್ತ್ರೀಯ ಕ್ರಮವೆನಿಸಿತ್ತು. ಆ ಮುಳ್ಳೇ ಎಳೆಯ ಕಳಲೆಯ ಕಾವಲು, ಅದು ಹೋದರೆ ಮುಳ್ಳುಹಂದಿ, ಮುಸುವ, ದನಗಳೆಲ್ಲ ಕಳಲೆಯನ್ನು ತಿಂದು ಮುಗಿಸುತ್ತವೆ ಎಂದು ಹೇಳಿದವರು ಹಳ್ಳಿಗರು. ಗಾಡ್ಗೀಳರ ಅಧ್ಯಯನ ಅವರ ಮಾತನ್ನೇ ಸಮರ್ಥಿಸಿತು. ಹುಲಿಯ ಚರಿತ್ರೆಯಲ್ಲಿ ಬಿದಿರಿಗೇನು ಕೆಲಸವೆಂದು ಯಾರಾದರೂ ಕೇಳಬಹುದು. ಬಿದಿರು ಆನೆ, ಕಾಡುಕೋಣಗಳ ಮೇವು. ಕಾಡುಕೋಣ ಹುಲಿಯ ಆಹಾರ. ಬಂದೂಕಿನ ಸದ್ದಿಲ್ಲದೆಯೂ ಹುಲಿಯ ಅನ್ನವನ್ನು ಕಿತ್ತುಕೊಳ್ಳಬಹುದು. ಬೇಟೆಯ ಕಥೆಗಳಿಗೆ ಸಿಗುವ ಓದುಗರು ಈ ಒಂದೂವರೆ ರೂಪಾಯಿಯ ಕಥೆಗೆ ಸಿಗುವುದಿಲ್ಲ.

ಮುಂದಿನದು ಹೆಚ್ಚು ಪರಿಚಿತ. ಕಾಳಿಗೆ ಸೂಪಾದಲ್ಲಿ ಅಣೆಕಟ್ಟು ಬಂತು, ಸೂಪಾ ಊರು ಮುಳುಗಿತು, ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಸರಿಯಿತು. ಉತ್ತರದ ಕೊಯ್ನೆಯಲ್ಲಿ ಶಿವಸಾಗರ ಜಲಾಶಯದ ಕಥೆಯೂ ಇದಕ್ಕಿಂತ ಬೇರೆಯಲ್ಲ. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಅಣಶಿ ಮತ್ತು ದಾಂಡೇಲಿ ಸೇರಿ ಹುಲಿ ಮೀಸಲಾಯಿತು; 2015ರಲ್ಲಿ ಅದಕ್ಕೆ ನದಿಯ ಹೆಸರೇ ಬಂತು. ಎಮ್ಮೆ ಸಾಕುವ ಧನಗರ ಗೌಳಿಗರ ವಾಡೆಗಳು ಕೊಯ್ನೆಯ ಬೆಟ್ಟಗಳಲ್ಲೂ ಇವೆ, ಹಳಿಯಾಳ, ಯಲ್ಲಾಪುರಗಳ ಸುತ್ತಲೂ ಇವೆ. ಹುಲಿಗಿಂತ ಮೊದಲೇ ಈ ದಾರಿಯನ್ನು ಅವರ ಎಮ್ಮೆಗಳು ಸವೆಸಿದ್ದವೋ ಏನೋ.

ಈ ಎರಡು ಮೀಸಲುಗಳ ನಡುವೆ ಖಾನಾಪುರದ ಭೀಮಗಡ, ಗೋವೆಯ ಮಹದಾಯಿ, ತಿಲಾರಿ, ಅಂಬೋಲಿ, ರಾಧಾನಗರಿ. ದಾರಿಯುದ್ದಕ್ಕೂ ಅಲ್ಲಲ್ಲಿ ಗಣಿ, ತೋಟ, ರಸ್ತೆ. 2020ರ ಜನವರಿಯಲ್ಲಿ ಮಹದಾಯಿ ಅಭಯಾರಣ್ಯದಲ್ಲಿ ಒಂದು ತಾಯಿಹುಲಿ ಮತ್ತು ಮೂರು ಮರಿಗಳ ಶವಗಳು ದೊರೆತವು. ಸಾವಿಗೆ ಕಾರಣ ವಿಷ. ಸಹ್ಯಾದ್ರಿ ಮೀಸಲಿನಲ್ಲಿ ಕಂಡಿದ್ದ ಆ ಗಂಡುಹುಲಿ ಕಾಳಿಯಲ್ಲಿ ಕಾಣಿಸಿದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಗೋವೆಯ ಆ ಕಾಡನ್ನೂ ಹುಲಿ ಮೀಸಲೆಂದು ಸಾರುವಂತೆ ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠ 2023ರ ಜುಲೈನಲ್ಲಿ ಆದೇಶಿಸಿತು, ಮೂರು ತಿಂಗಳ ಗಡುವನ್ನೂ ಕೊಟ್ಟಿತು. ಗೋವಾ ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.