ಘಟಕಗಳಿಂದ ಸದಿಶದ ತುದಿಬಿಂದುಗಳು: ಇತಿಹಾಸ

ಘಟಕಗಳು ತಿಳಿದಿದ್ದರೆ ಸದಿಶದ ಉದ್ದವೂ ದಿಕ್ಕೂ ಸಿಗುತ್ತವೆ. ಅದು ಎಲ್ಲಿ ಹೊರಟು ಎಲ್ಲಿ ಮುಗಿಯುತ್ತದೆ ಎಂಬುದು ಮಾತ್ರ ಸಿಗುವುದಿಲ್ಲ. ಒಂದು ತುದಿಯ ನಿರ್ದೇಶಾಂಕ ಬೇರೆ ಕಡೆಯಿಂದ ಬರಬೇಕು. ಆರಂಭ ಬಿಂದುವಿಗೆ ಘಟಕಗಳನ್ನು ಕೂಡಿದರೆ ಅಂತ್ಯ ಬಿಂದು. ಅಂತ್ಯ ಬಿಂದುವಿನಿಂದ ಕಳೆದರೆ ಆರಂಭ. ಲೆಕ್ಕ ಇಷ್ಟೇ. ಆ ಮೊದಲ ತುದಿಯನ್ನು ನೆಲದ ಮೇಲೆ ಗಟ್ಟಿಮಾಡಲು ಹಿಡಿದ ಕಾಲವೇ ಇದರ ಇತಿಹಾಸ.

ಉದಾಹರಣೆಗೆ, ನಾಗಪುರದ ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದವಿದೆ. ಅದರ ತುದಿಗಳಲ್ಲಿ ಬರೆದಿರುವ ಅಂಕಿಗಳು 14 ಮತ್ತು 32, ಅಂದರೆ ಸುಮಾರು 140 ಮತ್ತು 320 ಡಿಗ್ರಿ ದಿಕ್ಕುಗಳು. ವಾಯವ್ಯದ ತುದಿಯಿಂದ ಹೊರಟವರು ಇನ್ನೊಂದು ತುದಿ ಮುಟ್ಟುವಾಗ ಪೂರ್ವಕ್ಕೆ ಸುಮಾರು 2,050, ದಕ್ಷಿಣಕ್ಕೆ ಸುಮಾರು 2,450 ಮೀಟರ್ ಸರಿದಿರುತ್ತಾರೆ. ಆಗ್ನೇಯದಿಂದ ಹೊರಟರೆ ಎರಡೂ ಘಟಕಗಳ ಚಿಹ್ನೆ ಬದಲಾಗುತ್ತದೆ. ಆದರೆ ಇದೇ ಎರಡು ಘಟಕಗಳು ಬೆಂಗಳೂರಿನ ಬಳಿಯ ದೇವನಹಳ್ಳಿಯ ಬಯಲಿನಲ್ಲಿ ಅದೇ ಉದ್ದಕ್ಕೆ, ಅದೇ ದಿಕ್ಕಿಗೆ ಎಳೆದ ಗೆರೆಗೂ ಒಪ್ಪುತ್ತವೆ.

ಸಮಾಂತರವಾಗಿದ್ದು ಉದ್ದವೂ ದಿಕ್ಕೂ ಒಂದೇ ಆದ ಗೆರೆಗಳನ್ನೆಲ್ಲ ಸಮಾನವೆಂದು ಎಣಿಸುವ ಈ ವಿಚಾರವನ್ನು 1830ರ ದಶಕದಲ್ಲಿ ಇಟಲಿಯ ಜೂಸ್ಟೊ ಬೆಲ್ಲಾವಿಟಿಸ್ ಸ್ಪಷ್ಟವಾಗಿ ಮಂಡಿಸಿದ. ಅದಕ್ಕೂ ಮೊದಲು, 1797ರಲ್ಲಿ, ದಿಕ್ಕುಳ್ಳ ಗೆರೆಗಳನ್ನು ಕೂಡುವ ಕ್ರಮವನ್ನು ಡೆನ್ಮಾರ್ಕಿನ ವಿದ್ವತ್ಸಭೆಯ ಮುಂದಿಟ್ಟ ಕ್ಯಾಸ್ಪರ್ ವೆಸೆಲ್ ವೃತ್ತಿಯಿಂದ ಭೂಮಾಪಕ. ಇದು ಬರಿಯ ಕಾಕತಾಳೀಯವಲ್ಲ ಎನಿಸುತ್ತದೆ. ಹ್ಯಾಮಿಲ್ಟನ್, ಗಿಬ್ಸ್, ಹೆವಿಸೈಡ್ ಅವರಿಂದ ಇಂದಿನ ಸಂಕೇತಗಳು ಬಂದದ್ದು ಆಮೇಲೆ.

ಮೊದಲ ತುದಿಯನ್ನು ನೆಲದ ಮೇಲೆ ಗಟ್ಟಿಮಾಡುವ ಕೆಲಸ ಭಾರತದಲ್ಲಿ ಬೆಂಗಳೂರಿನಿಂದ ಆರಂಭವಾಯಿತೆನ್ನಬಹುದು. ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಅಲ್ಲಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯೊಂದನ್ನು ಸರಪಳಿ ಹಿಡಿದು ಅಳೆಸಿದ. 1802ರಲ್ಲಿ ಮದರಾಸಿನಲ್ಲಿ ಇನ್ನೊಂದನ್ನು. ಅಲ್ಲಿಂದ ಮುಂದೆ ಹೆಚ್ಚಾಗಿ ಕೋನಗಳನ್ನೇ ಅಳೆಯುತ್ತ, ತ್ರಿಭುಜದಿಂದ ತ್ರಿಭುಜಕ್ಕೆ ಉದ್ದ ಮತ್ತು ದಿಕ್ಕುಗಳನ್ನು ಲೆಕ್ಕಹಾಕಿ, ಹಿಂದಿನ ಬಿಂದುವಿನಿಂದ ಮುಂದಿನದನ್ನು ಪಡೆಯುವುದು ಕ್ರಮವಾಯಿತು. ಮೊದಲ ಬಿಂದು ತಪ್ಪಿದರೆ ಇಡೀ ಸರಣಿ ಅಷ್ಟೇ ಜರುಗುತ್ತದೆ. ನಾಗಪುರದತ್ತ ಸಾಗುತ್ತಿದ್ದ ಲ್ಯಾಂಬ್ಟನ್ 1823ರಲ್ಲಿ ಹಿಂಗಣಘಾಟದಲ್ಲಿ ತೀರಿಕೊಂಡ. ಕೆಲಸ ಮುಂದುವರಿಸಿದ ಜಾರ್ಜ್ ಎವರೆಸ್ಟ್‌ನ ಕಾಲದಲ್ಲಿ ಮಧ್ಯಭಾರತದ ಕಲ್ಯಾಣಪುರ ದೇಶದ ಅಳತೆಗಳ ಮೂಲಬಿಂದುವಾಯಿತು. ನಾಗಪುರದ ಜೀರೊ ಮೈಲ್ ಕಲ್ಲೇ ಆ ಮೂಲವೆಂದು ಬಹಳ ಮಂದಿ ನಂಬುತ್ತಾರೆ. 1907ರ ಆ ಗುರುತಿಗೆ ಈ ಗೌರವ ಸಲ್ಲುವುದಿಲ್ಲ.

ನಾಗರಿಕ ವಿಮಾನಯಾನಕ್ಕೆ 1998ರ ಜನವರಿ 1ರಿಂದ ಡಬ್ಲ್ಯೂಜಿಎಸ್-84 ಎಂಬ ಜಾಗತಿಕ ಚೌಕಟ್ಟನ್ನು ಗೊತ್ತುಪಡಿಸಲಾಯಿತು. ಇದರ ಕೇಂದ್ರ ಭೂಮಿಯ ದ್ರವ್ಯರಾಶಿಯ ಕೇಂದ್ರ. ಕಲ್ಯಾಣಪುರವನ್ನು ಮೂಲವಾಗಿ ಹಿಡಿದ ಹಳೆಯ ಎವರೆಸ್ಟ್ ಚೌಕಟ್ಟಿನ ಕೇಂದ್ರ ಅಲ್ಲಿಲ್ಲ. ಭಾರತ ಮತ್ತು ನೇಪಾಳಕ್ಕೆಂದು ಪ್ರಕಟವಾದ ಮೌಲ್ಯಗಳ ಪ್ರಕಾರ ಹಳೆಯ ನಿರ್ದೇಶಾಂಕಗಳನ್ನು ಆ ಹಳೆಯ ಚೌಕಟ್ಟಿನ ಕೇಂದ್ರದಿಂದ ಹೊರಡುವ ಮೂರು ಅಕ್ಷಗಳಿಗೆ ಬದಲಿಸಿಕೊಂಡು, ಕ್ರಮವಾಗಿ 295, 736 ಮತ್ತು 257 ಮೀಟರ್ ಕೂಡಬೇಕು. ಹಳೆಯ ಬಿಂದು ಆರಂಭ, ಈ ಮೂರು ಸಂಖ್ಯೆಗಳು ಘಟಕಗಳು, ಹೊಸ ಬಿಂದು ಅಂತ್ಯ. ಒಂದೊಂದು ಘಟಕದಲ್ಲೂ ಹತ್ತು ಹದಿನೈದು ಮೀಟರಿನ ಅನಿಶ್ಚಿತತೆ ಉಳಿದಿರುತ್ತದೆ.